ಎಳೆಯ ಕೈಗಳೂ ಸಿಹಿ ಬನ್ನಿನ ಕಣಕವೂ

ಚಿಕ್ಕ ಮಕ್ಕಳಿಗೆ ಅಡಿಗೆಮನೆಯಲ್ಲಿ ಏನು ಕೆಲಸವೆಂದು ಕೇಳುವವರಲ್ಲಿ ಎರಡು ತರದವರಿರುವರು. ಒಲೆಯ ಬೆಂಕಿಗೂ ಕತ್ತಿಯ ಅಲಗಿಗೂ ಹೆದರಿ ಮಗುವನ್ನು ಹೊಸ್ತಿಲಿನ ಆಚೆಯಲ್ಲಿಯೇ ನಿಲ್ಲಿಸುವವರು ಮೊದಲನೆಯವರು. ಓದಿ ಮುಂದೆ ಬರಬೇಕಾದ ಹುಡುಗಿಗೆ ಸೌಟಿನ ಗೊಡವೆ ಯಾಕೆ ಎನ್ನುವವರು ಎರಡನೆಯವರು. ಮೊದಲನೆಯವರ ಭಯವು ನ್ಯಾಯವಾದದ್ದೇ. ಎರಡನೆಯವರ ಮಾತನ್ನೂ ತಳ್ಳಿಬಿಡುವಂತಿಲ್ಲ. ಹೆಣ್ಣುಮಕ್ಕಳನ್ನು ಒಲೆಯ ಮುಂದೆಯೇ ಕೂಡಿಸಿ ಅಕ್ಷರಕ್ಕೆ ದೂರಮಾಡಿದ ಕಾಲವೊಂದು ಇತ್ತೆಂಬುದನ್ನು ನಮ್ಮ ಶಾಲೆಯಂಥ ಶಾಲೆಗಳು ಮರೆಯಲಾರವು. ಆದರೂ ಮೂರರಿಂದ ಏಳು ವರುಷದೊಳಗಿನ ಪ್ರತಿಯೊಂದು ಮಗುವಿಗೂ, ಅದು ಗಂಡಾಗಲಿ ಹೆಣ್ಣಾಗಲಿ, ತಿಂಗಳಿನಲ್ಲಿ ಒಂದು ದಿನವಾದರೂ ಹಿಟ್ಟು ನಾದಿ ಬನ್ನು ಮಾಡುವ ಕೆಲಸವನ್ನು ಕೊಡಬೇಕೆಂದು ನಾವು ಈ ಲೇಖನದಲ್ಲಿ ಕೇಳಿಕೊಳ್ಳುತ್ತೇವೆ. ಅಡಿಗೆ ಕಲಿಸುವುದು ಇದರ ಮುಖ್ಯ ಉದ್ದೇಶವಲ್ಲ. ಮಗುವು ತನ್ನ ಕೈಯ ಮೇಲೆ ತಾನು ನಂಬಿಕೆಯಿಡುವುದನ್ನು ಕಲಿಯಬೇಕೆಂಬುದೇ ಉದ್ದೇಶ.

ಹೈಸ್ಕೂಲಿನ ತರಗತಿಗಳಲ್ಲಿ ಬಹು ಕಾಲ ಪಾಠ ಹೇಳಿದವರು ಒಂದು ಸಂಗತಿಯನ್ನು ಗಮನಿಸದೆ ಇರಲಾರರು. ಬುದ್ಧಿಯುಳ್ಳ ಹುಡುಗಿಯರಲ್ಲಿಯೇ ಕೆಲವರು, ಹೊಸ ತರದ ಲೆಕ್ಕವೊಂದನ್ನು ಕೊಟ್ಟ ಕೂಡಲೆ, ಲೇಖನಿಯನ್ನು ಹಿಡಿದುಕೊಂಡು ಸುಮ್ಮನೆ ಕೂತಿರುವರು. ಲೆಕ್ಕವು ಬಾರದೆಂದಲ್ಲ, ತಪ್ಪಾದೀತೆಂಬ ಅಂಜಿಕೆಯಿಂದ. ಒಂದು ಸಾಲು ಬರೆದರೆ “ಟೀಚರ್, ಇದು ಸರಿಯೋ?” ಎಂದು ಕೇಳುವರು, ಸರಿಯೆಂದರೆ ಮಾತ್ರ ಎರಡನೆಯ ಸಾಲಿಗೆ ಹೋಗುವರು. ಹುದುಗುವಿಕೆಯನ್ನು ಕುರಿತು ವಿಜ್ಞಾನದ ಪುಸ್ತಕದಲ್ಲಿರುವ ಮಾತುಗಳನ್ನು ಒಂದಕ್ಷರ ಬಿಡದೆ ಒಪ್ಪಿಸುವ ಹುಡುಗಿಯು ಉಬ್ಬಿದ ಹಿಟ್ಟನ್ನು ಬೆರಳಿನಿಂದ ಮುಟ್ಟಿ ನೋಡಿದವಳಲ್ಲ. ಇಂಥ ಅಂಜಿಕೆಗೆ ಕಾರಣಗಳು ಹಲವಿರುವವು. ಅವುಗಳಲ್ಲಿ ಒಂದು ಬಹು ಎಳೆಯ ವಯಸ್ಸಿನಲ್ಲಿಯೇ ಬೇರೂರುವುದೆಂದು ನಮಗೆ ತೋರುತ್ತದೆ. ಮಗುವು ಮಾಡಿದ ಕೆಲಸವನ್ನು ದೊಡ್ಡವರ ಕೈಯು ಒಡನೆಯೇ ಕಸಿದುಕೊಂಡು “ಹಾಗಲ್ಲ, ಹೀಗೆ” ಎಂದು ಸರಿಮಾಡುತ್ತಾ ಬಂದರೆ, ತನ್ನ ಕೈಯಿಂದ ಒಳ್ಳೆಯದೇನೂ ಆಗದೆಂಬುದೇ ಆ ಮಗುವಿನ ಮೊದಲನೆಯ ಪಾಠವಾಗಿಬಿಡುವುದು.

ಕೈಕೆಲಸಗಳು ಎಷ್ಟೋ ಇರುವಾಗ ಬನ್ನಿನ ಕಣಕವನ್ನೇ ನಾವು ಆರಿಸಿಕೊಂಡುದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು, ಕಟ್ಟಕಡೆಯ ಇಪ್ಪತ್ತು ನಿಮಿಷಗಳನ್ನು ಬಿಟ್ಟರೆ ಈ ಕೆಲಸದಲ್ಲಿ ಬೆಂಕಿಯಿಲ್ಲ. ಕತ್ತಿಯು ಬೇಕೇ ಇಲ್ಲ. ಎರಡನೆಯದು, ಈ ಹಿಟ್ಟು ಬಹಳ ಕ್ಷಮೆಯುಳ್ಳದ್ದು. ಹೋಳಿಗೆಯ ಕಣಕ ಹರಿದರೆ ಹೂರಣವು ಹೊರಗೆ ಬಂದು ಕಾವಲಿಯ ಮೇಲೆ ಕರಕಾಗುವುದು. ಚಕ್ಕುಲಿಯ ಹಿಟ್ಟಿನ ಹದ ತಪ್ಪಿದರೆ ಎಣ್ಣೆಯಲ್ಲಿ ಬಿಡಿಬಿಡಿಯಾಗುವುದು. ಬನ್ನಿನ ಹಿಟ್ಟನ್ನಾದರೋ ಮಗುವು ಹಿಚುಕಲಿ, ಗುದ್ದಲಿ, ಎಳೆದು ತುಂಡು ಮಾಡಿ ಮತ್ತೆ ಕೂಡಿಸಲಿ, ಅದು ಕೆಡುವುದಿಲ್ಲ, ನಾದಿದಷ್ಟೂ ಮೇಲಾಗುವುದು. ಮೂರನೆಯದು, ಇದು ಕಾಯುವುದನ್ನು ಕಲಿಸುವುದು. ಗುಂಡಿಯನ್ನು ಒತ್ತಿದ ಕ್ಷಣವೇ ಚಿತ್ರಗಳು ಕಣ್ಣ ಮುಂದೆ ಕುಣಿಯುವ ಈ ದಿನಗಳಲ್ಲಿ, ಎಷ್ಟು ಅತ್ತರೂ ಅವಸರಪಡದ ಒಂದು ವಸ್ತು ಮನೆಯಲ್ಲಿರುವುದು ಮಗುವಿಗೆ ಹಿತವೇ ಸರಿ.

ಕಣಕದೊಳಗೆ ನಡೆಯುವುದನ್ನು ತಾಯಂದಿರು ಮೊದಲು ತಾವು ಅರಿತಿದ್ದರೆ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳುವುದು ಸುಲಭ. ಗೋದಿಯಲ್ಲಿ ಗ್ಲುಟೆನಿನ್, ಗ್ಲಯಡಿನ್ ಎಂಬ ಎರಡು ಬಗೆಯ ಸಸಾರಜನಕಗಳಿವೆ. ನೀರು ಸೋಕಿ, ಕೈಯ ಒತ್ತಡ ಬಿದ್ದಾಗ ಇವೆರಡೂ ಹೆಣೆದುಕೊಂಡು ಗ್ಲುಟೆನ್ ಎಂಬ ಬಲೆಯಾಗುವುವು. ಈ ಬಲೆಯು ರಬ್ಬರಿನಂತೆ ಹಿಗ್ಗುವುದು. ಅಕ್ಕಿಯ ಹಿಟ್ಟಿನಲ್ಲಿಯೂ ರಾಗಿಯ ಹಿಟ್ಟಿನಲ್ಲಿಯೂ ಇಂಥ ಬಲೆಯಿಲ್ಲದ ಕಾರಣ ಅವುಗಳಿಂದ ಈ ತರದ ಬನ್ನು ಆಗಲಾರದು. ಇನ್ನು ಯೀಸ್ಟ್ ಎಂಬುದು ಕಣ್ಣಿಗೆ ಕಾಣದಷ್ಟು ಸಣ್ಣದಾದ, ಜೀವವುಳ್ಳ ಕಣ. ಅದು ಸಕ್ಕರೆಯನ್ನು ತಿಂದು ಇಂಗಾಲಾಮ್ಲ ವಾಯುವನ್ನು ಹೊರಗೆ ಬಿಡುವುದು. ಆ ವಾಯುವು ಬಲೆಯೊಳಗೆ ಸಿಕ್ಕಿಕೊಂಡು ಹಿಟ್ಟನ್ನು ಉಬ್ಬಿಸುವುದು. ಹುದುಗುವಿಕೆಯು ಜೀವಕಣಗಳ ಕೆಲಸವೇ ಎಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿದ್ವಾಂಸನು 1857ರಿಂದ ಮೊದಲ್ಗೊಂಡು ತನ್ನ ಪ್ರಯೋಗಗಳಿಂದ ತೋರಿಸಿಕೊಟ್ಟನು. ಹೆಸರು ತಿಳಿಯದಿದ್ದರೂ ಈ ಕಣಗಳ ಉಪಯೋಗವು ನಮ್ಮವರಿಗೆ ಹಿಂದಿನಿಂದಲೂ ಗೊತ್ತಿತ್ತು. ಕರಾವಳಿಯ ಕ್ರೈಸ್ತ ಮನೆಗಳಲ್ಲಿ ಸಾನ್ನಾಂಗಳಿಗೆ ಸೇಂದಿಯನ್ನು ಹಾಕಿ ಹಿಟ್ಟನ್ನು ಉಬ್ಬಿಸುವ ವಾಡಿಕೆಯುಂಟಷ್ಟೆ. ಆ ಸೇಂದಿಯಲ್ಲಿರುವುದೂ ಯೀಸ್ಟೇ. ವೇದಪುಸ್ತಕವನ್ನು ಓದಿದವರಿಗೆ ಹುಳಿಹಿಟ್ಟು ಎಂಬ ಮಾತು ಹೊಸದಲ್ಲ.

ಈಗ ಸಾಮಗ್ರಿಗಳು. ಸುಮಾರು ಹನ್ನೆರಡು ಬನ್ನುಗಳಿಗೆ 400 ಗ್ರಾಂ ಮೈದಾ, 220 ಮಿಲಿಲೀಟರ್ ಹಾಲು, 50 ಗ್ರಾಂ ಸಕ್ಕರೆ, 50 ಗ್ರಾಂ ಬೆಣ್ಣೆ, ಒಂದು ಮೊಟ್ಟೆ, ಒಂದೂವರೆ ಚಹಾಚಮಚ ಒಣ ಯೀಸ್ಟ್, ಮುಕ್ಕಾಲು ಚಹಾಚಮಚ ಉಪ್ಪು, ನಾಲ್ಕೈದು ಏಲಕ್ಕಿಯ ಪುಡಿ ಸಾಕು. ಮೊಟ್ಟೆಯನ್ನು ತಿನ್ನದವರು ಅದಕ್ಕೆ ಬದಲು ಮೂರು ದೊಡ್ಡ ಚಮಚ ಹಾಲನ್ನು ಹೆಚ್ಚಾಗಿ ಹಾಕಬಹುದು. ಮೈದಾ ಬೇಡವೆನ್ನುವವರು ಅದರ ಕಾಲುಭಾಗಕ್ಕೆ ಗೋದಿಹಿಟ್ಟನ್ನು ಬೆರಸಬಹುದು; ಅದಕ್ಕಿಂತ ಹೆಚ್ಚಾದರೆ ಬನ್ನು ಗಟ್ಟಿಯಾಗುವುದು. ಹೂರಣಕ್ಕೆ ಒಂದು ಬಟ್ಟಲು ತೆಂಗಿನ ತುರಿ, ಅರ್ಧ ಬಟ್ಟಲು ಬೆಲ್ಲ, ಇವನ್ನು ನೀರಾರುವ ತನಕ ಕಾಯಿಸಿ ಚೆನ್ನಾಗಿ ಆರಿಸಿಟ್ಟುಕೊಳ್ಳತಕ್ಕದ್ದು. ಇದನ್ನು ತಾಯಿಯು ಮಕ್ಕಳು ಬರುವ ಮೊದಲೇ ಮುಗಿಸಿರಬೇಕು. ಏಲಕ್ಕಿಯ ವಿಷಯವಾಗಿ ಮಕ್ಕಳಿಗೆ ಒಂದು ಮಾತು ಹೇಳಬಹುದು. ನಮ್ಮ ಪಶ್ಚಿಮ ಘಟ್ಟಗಳ ಕಾಡುಗಳಲ್ಲಿ ತಾನಾಗಿಯೇ ಹುಟ್ಟಿ ಬೆಳೆದ ಈ ಗಿಡದ ಕಾಯನ್ನು ಬಹು ದೂರದ ಸ್ವೀಡನ್ ದೇಶದವರು ತಮ್ಮ ಮನೆಯ ಸಿಹಿ ಬನ್ನುಗಳಿಗೆ ಬಿಡದೆ ಹಾಕುವರು. ಅಲ್ಲಿ 1999ರಿಂದ ಅಕ್ಟೋಬರ್ 4ನೆಯ ದಿನವನ್ನು ದಾಲ್ಚಿನ್ನಿ ಬನ್ನಿನ ದಿನವೆಂದೇ ಆಚರಿಸುತ್ತಾರೆ.

ಕೆಲಸಕ್ಕೆ ಮೊದಲು ಕೈಗಳನ್ನು ಸಾಬೂನು ಹಚ್ಚಿ ತೊಳೆಯಬೇಕು, ಉಗುರು ಕತ್ತರಿಸಿರಬೇಕು, ಕೂದಲನ್ನು ಕಟ್ಟಿರಬೇಕು. ಮೇಜು ಎತ್ತರವಾಗಿದ್ದರೆ ನೆಲದ ಮೇಲೆ ಚಾಪೆ ಹಾಸಿ, ಅದರ ಮೇಲೆ ಅಗಲವಾದ ಪರಾತವನ್ನಿಟ್ಟು ಎಲ್ಲರೂ ಸುತ್ತಲೂ ಕೂಡುವುದೇ ಉತ್ತಮ. ನಮ್ಮ ಹಿರಿಯರ ಈ ಪದ್ಧತಿಯು ಮಕ್ಕಳ ಅಳತೆಗೆ ಸರಿಯಾದದ್ದು. ರೋಮಾಪುರಿಯಲ್ಲಿ 1907ರಲ್ಲಿ ಮಕ್ಕಳ ಮನೆಯನ್ನು ತೆರೆದು, 1939ರಲ್ಲಿ ನಮ್ಮ ದೇಶಕ್ಕೂ ಬಂದು ಉಪಾಧ್ಯಾಯರಿಗೆ ಶಿಕ್ಷಣ ಕೊಟ್ಟ ಮರಿಯಾ ಮಾಂಟೆಸ್ಸೊರಿ ಎಂಬಾಕೆಯು ಮಕ್ಕಳಿಗೆ ಆಟದ ಪಾತ್ರೆಗಳಿಗಿಂತ ನಿಜವಾದ ಪಾತ್ರೆಗಳೂ ನಿಜವಾದ ಕೆಲಸವೂ ಹೆಚ್ಚು ಪ್ರಿಯವೆಂದು ಕಂಡುಕೊಂಡಳು. ಆದರೆ ಅವು ಎಳೆಯ ಕೈಗೆ ಒಗ್ಗುವಷ್ಟು ಸಣ್ಣದಾಗಿರಬೇಕು. ಆದಕಾರಣ ದೊಡ್ಡ ಚೆಂಬಿಗೆ ಬದಲು ಸಣ್ಣ ಲೋಟವನ್ನೂ, ಉದ್ದವಾದ ಲಟ್ಟಣಿಗೆಗೆ ಬದಲು ಗಿಡ್ಡದಾದದ್ದನ್ನೂ ಕೊಡಿರಿ.

ವಯಸ್ಸಿಗೆ ತಕ್ಕಂತೆ ಕೆಲಸವನ್ನು ಹಂಚಬೇಕು. ಮೂರು ವರುಷದ ಮಗುವು ಅಳೆದಿಟ್ಟ ಹಿಟ್ಟನ್ನು ಪರಾತಕ್ಕೆ ಸುರಿಯಲಿ, ಸಕ್ಕರೆಯನ್ನು ಹಾಕಿ ಕೈಯಾಡಿಸಲಿ. ನಾಲ್ಕೈದು ವರುಷದ್ದು ನಾದಲಿ, ಉಂಡೆ ಕಟ್ಟಲಿ, ಬೆಂದ ಬನ್ನುಗಳನ್ನು ಎಣಿಸಲಿ. ಆರೇಳು ವರುಷದ್ದು ತಕ್ಕಡಿಯ ಅಂಕೆಯನ್ನು ಓದಿ ತೂಗಲಿ, ಗಡಿಯಾರವನ್ನು ನೋಡಿ ವೇಳೆಯನ್ನು ಬರೆದಿಡಲಿ. 50 ಗ್ರಾಂ ಸಕ್ಕರೆಯೂ 50 ಗ್ರಾಂ ಬೆಣ್ಣೆಯೂ ತೂಕದಲ್ಲಿ ಸಮವಾಗಿದ್ದರೂ ನೋಟಕ್ಕೆ ಬೇರೆಬೇರೆಯಾಗಿರುವುದು ಯಾಕೆಂದು ಅದು ಕೇಳಿದರೆ, ಆ ಪ್ರಶ್ನೆಯು ಯಾವ ಪಾಠಕ್ಕೂ ಕಡಿಮೆಯಾದದ್ದಲ್ಲ.

ಮೊದಲು ಹಾಲನ್ನು ಉಗುರುಬೆಚ್ಚಗೆ ಮಾಡಿರಿ. ಮಣಿಕಟ್ಟಿನ ಒಳಮೈಯ ಮೇಲೆ ಒಂದು ಹನಿಯನ್ನು ಹಾಕಿಕೊಂಡರೆ ಅದು ಬಿಸಿಯೆಂದೂ ತೋರಬಾರದು, ತಣ್ಣಗೆಂದೂ ತೋರಬಾರದು. ಹಾಲು ಸುಡುವಷ್ಟು ಕಾದಿದ್ದರೆ, ಅಂದರೆ ಸುಮಾರು 60 ಡಿಗ್ರಿ ಸೆಲ್ಸಿಯಸ್ಸಿಗೆ ಬಂದರೆ, ಯೀಸ್ಟ್ ಸಾಯುವುದು. ಈ ಹಾಲಿನಲ್ಲಿ ಒಂದು ಚಮಚ ಸಕ್ಕರೆಯನ್ನೂ ಯೀಸ್ಟನ್ನೂ ಹಾಕಿ ಹತ್ತು ನಿಮಿಷ ಬಿಡಿರಿ. ಈಗಿನ ಕೆಲವು ಯೀಸ್ಟ್ ಪುಡಿಗಳನ್ನು ಹೀಗೆ ನೆನೆಸದೆ ನೇರವಾಗಿ ಹಿಟ್ಟಿಗೆ ಹಾಕಬಹುದಾದರೂ, ಮಕ್ಕಳು ಜೊತೆಯಲ್ಲಿದ್ದಾಗ ನೆನೆಸುವುದೇ ಮೇಲು. ಯಾಕಂದರೆ ಬೂದುಬಣ್ಣದ ಪುಡಿಯು ನೊರೆಯಾಗಿ ಮೇಲೇಳುವುದನ್ನು ಕಂಡಾಗಲೇ ಅದು ಜೀವವುಳ್ಳದ್ದೆಂಬ ಮಾತನ್ನು ಅವರು ನಂಬುವರು. ನೊರೆ ಬಾರದಿದ್ದರೆ ಆ ಪುಡಿ ಹಳೆಯದು. ಹಿಟ್ಟನ್ನು ದಂಡಮಾಡುವ ಮೊದಲೇ ಬೇರೆಯದನ್ನು ತರಿಸಬೇಕು.

ಹಿಟ್ಟಿಗೆ ಉಪ್ಪು, ಏಲಕ್ಕಿಪುಡಿ, ಉಳಿದ ಸಕ್ಕರೆ ಇವುಗಳನ್ನು ಬೆರಸಿ, ಮೊಟ್ಟೆಯನ್ನೂ ಯೀಸ್ಟಿನ ಹಾಲನ್ನೂ ಹೊಯ್ದು ಕಲಸಿರಿ. ಮೊದಲು ಇದು ಕೈಗೆಲ್ಲಾ ಅಂಟುವುದು. ಇಲ್ಲಿ ಮಕ್ಕಳು ಗಾಬರಿಪಡುವರು. ತಾಯಂದಿರು ಮುಷ್ಟಿಗಟ್ಟಲೆ ಹಿಟ್ಟನ್ನು ಸೇರಿಸಿಬಿಡುವರು. ಹಾಗೆ ಸೇರಿಸಬಾರದು. ಹತ್ತು ನಿಮಿಷ ಮುಚ್ಚಿಟ್ಟು, ಆಮೇಲೆ ಮೆತ್ತಗಾದ ಬೆಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಹಾಕಿ ನಾದುತ್ತಾ ಹೋದರೆ ಅಂಟು ತಾನಾಗಿಯೇ ಬಿಡುವುದು. ಪ್ರತಿಯೊಂದು ಮಗುವಿಗೂ ತನ್ನದೇ ಒಂದು ಮುದ್ದೆಯನ್ನು ಕೊಟ್ಟು ನಾದಿಸಿ, ಕಡೆಗೆ ಎಲ್ಲವನ್ನೂ ಕೂಡಿಸಿರಿ. ಹದಿನೈದು ನಿಮಿಷದ ಮೇಲೆ ಸ್ವಲ್ಪ ಹಿಟ್ಟನ್ನು ಬೆರಳುಗಳ ನಡುವೆ ಮೆಲ್ಲಗೆ ಎಳೆದರೆ ಅದು ಹರಿಯದೆ ತೆಳುವಾದ ಪೊರೆಯಂತಾಗಿ ಬೆಳಕನ್ನು ತೋರಿಸಬೇಕು. ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯ ಅರ್ಥವನ್ನು ಮಕ್ಕಳು ಹೀಗೆ ಕೈಯಾರೆ ತಿಳಿಯುವರು. ಆದರೆ ಹಸಿಯ ಹಿಟ್ಟನ್ನು ಯಾರೂ ನೆಕ್ಕಬಾರದು. ಹಸಿಮೊಟ್ಟೆಯಲ್ಲಿ ಮಾತ್ರವಲ್ಲ, ಬೇಯಿಸದ ಮೈದಾದಲ್ಲಿಯೂ ರೋಗದ ಕ್ರಿಮಿಗಳು ಇರಬಹುದು.

ಇನ್ನು ಕಾಯುವ ಕೆಲಸ. ಮುದ್ದೆಯನ್ನು ಎಣ್ಣೆ ಸವರಿದ ಪಾತ್ರೆಯಲ್ಲಿಟ್ಟು ಒದ್ದೆಬಟ್ಟೆಯಿಂದ ಮುಚ್ಚಿರಿ. ಅದರಿಂದ ಒಂದು ಸಣ್ಣ ತುಂಡನ್ನು ತೆಗೆದು ನೇರವಾದ ಗಾಜಿನ ಲೋಟದ ತಳಕ್ಕೆ ಒತ್ತಿ, ಅದರ ಮಟ್ಟಕ್ಕೆ ಹೊರಗಿನಿಂದ ಒಂದು ದಾರವನ್ನು ಕಟ್ಟಿರಿ. ಹಿಟ್ಟು ದಾರವನ್ನು ದಾಟಿ ಎರಡರಷ್ಟು ಎತ್ತರಕ್ಕೆ ಬಂದಾಗ ಮುದ್ದೆಯೂ ಸಿದ್ಧವಾಯಿತೆಂದು ತಿಳಿಯಬೇಕು. ಮಂಗಳೂರಿನ ಸೆಕೆಯಲ್ಲಿ ಇದಕ್ಕೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಸಾಕು. ಮಡಿಕೇರಿಯಲ್ಲಿಯೋ ಬೆಂಗಳೂರಿನಲ್ಲಿಯೋ ಡಿಸೆಂಬರ್ ತಿಂಗಳಾಗಿದ್ದರೆ ಎರಡು ಗಂಟೆಯಾದರೂ ಹಿಡಿಯುವುದು. ಚಳಿಗಾಲದಲ್ಲಿ ಇಡ್ಲಿಯ ಹಿಟ್ಟು ತಡವಾಗಿ ಉಬ್ಬುವುದನ್ನು ಬಲ್ಲ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹತ್ತು ನಿಮಿಷಕ್ಕೊಮ್ಮೆ ಮಗುವು ಓಡಿಬಂದು ಲೋಟವನ್ನು ನೋಡುವುದು. ನೋಡಲಿ. “ಇನ್ನೂ ಆಗಲಿಲ್ಲ” ಎಂದು ಹೇಳುವವರು ತಾಯಿಯಲ್ಲ, ಆ ದಾರವೇ. ಆದುದರಿಂದ ಜಗಳಕ್ಕೆ ಎಡೆಯಿಲ್ಲ. ತಾಳಿದವನು ಬಾಳಿಯಾನೆಂದು ನಾವು ನೂರು ಸಾರಿ ಬೋಧಿಸುವುದಕ್ಕಿಂತ ಆ ದಾರವು ಒಂದು ಮಧ್ಯಾಹ್ನದಲ್ಲಿ ಹೆಚ್ಚು ಕಲಿಸೀತು.

ಉಬ್ಬಿದ ಹಿಟ್ಟನ್ನು ಮೆಲ್ಲಗೆ ತಟ್ಟಿ ಗಾಳಿಯನ್ನು ಬಿಡಿಸಿ, ಮೊದಲು ಪ್ರತಿಯೊಂದು ಮಗುವಿಗೂ ದೊಡ್ಡ ನಿಂಬೆಯಷ್ಟು ಗಾತ್ರದ ಒಂದೊಂದು ಉಂಡೆಯನ್ನು ತೆಗೆದಿಡಿರಿ. ಇದು ಅವರ ಇಷ್ಟಕ್ಕೆ ಬಿಟ್ಟದ್ದು. ಉಳಿದುದನ್ನು ಸುಮಾರು 35 ಸೆಂಟಿಮೀಟರ್ ಉದ್ದಕ್ಕೂ 30 ಸೆಂಟಿಮೀಟರ್ ಅಗಲಕ್ಕೂ ಲಟ್ಟಿಸಿ, ಅದರ ಮೇಲೆ ಆರಿದ ಹೂರಣವನ್ನು ಮಕ್ಕಳ ಕೈಯಿಂದಲೇ ಹರಡಿಸಿ, ಚಾಪೆ ಸುತ್ತುವಂತೆ ಉದ್ದನೆಯ ಅಂಚಿನಿಂದ ಸುರುಳಿ ಸುತ್ತಿರಿ. ಇದನ್ನು ಕತ್ತರಿಸುವುದಕ್ಕೆ ಕತ್ತಿಗಿಂತ ಶುಭ್ರವಾದ ನೂಲೇ ಮೇಲು. ನೂಲನ್ನು ಸುರುಳಿಯ ಅಡಿಗೆ ತೂರಿಸಿ, ಎರಡು ತುದಿಗಳನ್ನೂ ಮೇಲೆ ತಂದು ಒಂದರ ಮೇಲೊಂದು ಅಡ್ಡಹಾಯಿಸಿ ಎಳೆದರೆ ತುಂಡು ಅಚ್ಚುಕಟ್ಟಾಗಿ ಬಿಡುವುದು. ಐದು ವರುಷದ ಮಗುವೂ ಇದನ್ನು ಅಪಾಯವಿಲ್ಲದೆ ಮಾಡಬಲ್ಲದು. ಕತ್ತಿಯಾದರೋ ಮೆತ್ತನೆಯ ಸುರುಳಿಯನ್ನು ಅಮುಕಿ ಚಪ್ಪಟೆಮಾಡುವುದು.

ನಾವು ವಿಶೇಷವಾಗಿ ಬೇಡಿಕೊಳ್ಳುವುದು ಮಕ್ಕಳಿಗೆ ತೆಗೆದಿಟ್ಟ ಆ ಉಂಡೆಗಳ ವಿಷಯದಲ್ಲಿ. ಮಗುವು ಅದನ್ನು ಹಾವೆಂದು ಹೊಸೆಯಲಿ, ಅಜ್ಜಿಯ ತುರುಬೆಂದು ಸುತ್ತಲಿ, ಗುರುತೇ ಸಿಕ್ಕದ ಆಕಾರವೊಂದನ್ನು ಮಾಡಿ ಆನೆಯೆಂದು ಹೇಳಲಿ, ಅದು ಹಾಗೆಯೇ ಒಲೆಗೆ ಹೋಗಬೇಕು. ಮಗುವು ಅತ್ತ ತಿರುಗಿದಾಗ ಅದನ್ನು ಗುಟ್ಟಾಗಿ ತಿದ್ದಿ ದುಂಡಗೆ ಮಾಡಿಡುವ ತಾಯಂದಿರು ಪ್ರೀತಿಯಿಂದಲೇ ಹಾಗೆ ಮಾಡುವರು. ಆದರೆ ಬೆಂದು ಬಂದ ತಟ್ಟೆಯಲ್ಲಿ ತನ್ನ ಆನೆಯನ್ನು ಹುಡುಕಿ ಕಾಣದ ಮಗುವಿಗೆ ಆ ಪ್ರೀತಿಯು ಅರ್ಥವಾಗದು. ತನ್ನದು ತಟ್ಟೆಗೆ ಯೋಗ್ಯವಾಗಿರಲಿಲ್ಲವೆಂಬುದೊಂದೇ ಅರ್ಥವಾಗುವುದು. ಸ್ವಿಟ್ಜರ್ಲೆಂಡಿನ ಜರ್ಮನ್ ಮಾತನಾಡುವ ಪ್ರಾಂತಗಳಲ್ಲಿ ಇದಕ್ಕೆ ಒಂದು ಸುಂದರವಾದ ವಾಡಿಕೆಯುಂಟು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್ನಿನವರ ಊರಾದ ಬಾಸೆಲ್ ಪಟ್ಟಣವೂ ಅಲ್ಲಿಯೇ ಇರುವುದು. ಡಿಸೆಂಬರ್ 6ರ ಸಂತ ನಿಕೊಲಾಸನ ದಿನದ ಹೊತ್ತಿಗೆ ಅಲ್ಲಿಯ ಮನೆಗಳಲ್ಲಿಯೂ ಶಿಶುವಿಹಾರಗಳಲ್ಲಿಯೂ ಮಕ್ಕಳು ಇಂಥದೇ ಸಿಹಿ ಹಿಟ್ಟಿನಿಂದ ಮನುಷ್ಯಾಕಾರದ ಬನ್ನುಗಳನ್ನು ಮಾಡಿ ಒಣದ್ರಾಕ್ಷಿಯ ಕಣ್ಣುಗಳನ್ನಿಡುವರು. ಗ್ರಿಟ್ಟಿಬೆನ್ಸ್ ಎಂದು ಅದಕ್ಕೆ ಹೆಸರು. ಬಾಸೆಲಿನವರು ಗ್ರೆಟ್ಟಿಮಾ ಎನ್ನುವರು. ಒಂದರ ಕಾಲು ಗಿಡ್ಡ, ಇನ್ನೊಂದರ ತಲೆ ದಪ್ಪ. ಒಂದನ್ನೊಂದು ಹೋಲದೆ ಇರುವುದೇ ಅವುಗಳ ಸೊಗಸು.

ಆಕಾರ ಕೊಟ್ಟ ಬನ್ನುಗಳನ್ನು ಬೆಣ್ಣೆ ಸವರಿದ ತಟ್ಟೆಯಲ್ಲಿ ಎಡೆಬಿಟ್ಟು ಜೋಡಿಸಿ, ಮುಚ್ಚಿ, ಮತ್ತೆ ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆಯ ತನಕ ಬಿಡಿರಿ. ಬೆರಳಿನಿಂದ ಮೆಲ್ಲಗೆ ಒತ್ತಿದ ಗುಳಿಯು ನಿಧಾನವಾಗಿ ಮೇಲೆದ್ದರೆ ಬೇಯಿಸುವ ಹದವಾಯಿತು. ಮಕ್ಕಳು ಮೇಲುಗಡೆ ಹಾಲನ್ನು ಸವರಲಿ. ಇಲ್ಲಿಂದ ಮುಂದಿನದು ದೊಡ್ಡವರ ಕೆಲಸ. ಮಕ್ಕಳು ಒಂದು ಮಾರು ದೂರದಲ್ಲಿ ಕೂಡತಕ್ಕದ್ದು. 180 ಡಿಗ್ರಿ ಸೆಲ್ಸಿಯಸ್ಸಿಗೆ ಮೊದಲೇ ಕಾಯಿಸಿದ ಓವನಿನಲ್ಲಿ 18ರಿಂದ 22 ನಿಮಿಷ ಸಾಕು. ಓವನಿಲ್ಲದವರು ಚಿಂತಿಸಬೇಕಾದದ್ದಿಲ್ಲ. ಹಿಂದಿನವರು ಪಾತ್ರೆಯ ಕೆಳಗೂ ಮುಚ್ಚಳದ ಮೇಲೆಯೂ ಕೆಂಡವಿಟ್ಟು ಬೇಯಿಸುತ್ತಿದ್ದರು. ಈಗ ದಪ್ಪ ತಳದ ಪಾತ್ರೆಯಲ್ಲಿ ಒಂದು ಬೆರಳು ದಪ್ಪಕ್ಕೆ ಪುಡಿ ಉಪ್ಪನ್ನು ಹರಡಿ, ಅದರ ಮೇಲೆ ಸಣ್ಣ ಅಡ್ಡಣಿಗೆಯನ್ನಿಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ, ತಟ್ಟೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬೇಯಿಸಬಹುದು. ಮೇಲ್ಭಾಗವು ಅಷ್ಟು ಕೆಂಪಾಗದಿದ್ದರೂ ರುಚಿಗೆ ಕೊರತೆಯಿಲ್ಲ.

ಬನ್ನು ಕಲ್ಲಿನಂತಾದರೆ ಒಂದೋ ಹಿಟ್ಟು ಹೆಚ್ಚಾಗಿರುವುದು, ಇಲ್ಲವೆ ಉಬ್ಬುವಷ್ಟು ಕಾದಿಲ್ಲ. ಹುಳಿನಾತ ಬಂದು ನಡುವೆ ಕುಸಿದರೆ ಹೆಚ್ಚು ಹೊತ್ತು ಕಾದದ್ದಾಯಿತು. ಮೇಲೆ ಕರಕಾಗಿ ಒಳಗೆ ಹಸಿಯಾಗಿದ್ದರೆ ಬೆಂಕಿ ಜೋರಾಯಿತು. ಇವುಗಳನ್ನು ಮಕ್ಕಳ ಮುಂದೆಯೇ ಮಾತನಾಡಿರಿ. ಆದರೆ ಯಾರ ತಪ್ಪೆಂದು ವಿಚಾರಿಸಬೇಡಿರಿ, ಮುಂದಿನ ಸಾರಿ ಏನನ್ನು ಬದಲಾಯಿಸೋಣವೆಂದು ಕೇಳಿರಿ. ಈ ಎರಡು ಪ್ರಶ್ನೆಗಳಿಗೆ ಇರುವ ಅಂತರವು ಬಹು ದೊಡ್ಡದು. ಮೊದಲನೆಯದನ್ನು ಕೇಳುತ್ತಾ ಬೆಳೆದವರು ಲೇಖನಿ ಹಿಡಿದು ಸುಮ್ಮನೆ ಕೂಡುವರು. ಎರಡನೆಯದನ್ನು ಕೇಳುತ್ತಾ ಬೆಳೆದವರು ಬರೆದು, ಹೊಡೆದುಹಾಕಿ, ಮತ್ತೆ ಬರೆಯುವರು.

ಇಷ್ಟಕ್ಕೆಲ್ಲಾ ಹೊತ್ತೆಲ್ಲಿದೆ ಎಂದು ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಕೇಳುವರೆಂದು ನಾವು ಬಲ್ಲೆವು. ಆಫೀಸಿಗೂ ಆಸ್ಪತ್ರೆಗೂ ಶಾಲೆಗೂ ಹೋಗಿ ದುಡಿದು ಸಂಜೆ ಮನೆಗೆ ಬರುವವರಿಗೆ ಇದು ಹೊಸ ಹೊರೆಯಾಗಬಾರದು. ಶನಿವಾರ ರಾತ್ರಿ ಊಟವಾದ ಮೇಲೆ ಹಿಟ್ಟನ್ನು ನಾದಿ ಮುಚ್ಚಿ ರೆಫ್ರಿಜಿರೇಟರಿನಲ್ಲಿಟ್ಟರೆ, ಆ ತಂಪಿನಲ್ಲಿ ಅದು ರಾತ್ರಿಯೆಲ್ಲಾ ಮೆಲ್ಲಮೆಲ್ಲಗೆ ಉಬ್ಬಿ, ಮರುದಿನ ಆಕಾರ ಕೊಡುವುದಕ್ಕೆ ಸಿದ್ಧವಾಗಿರುವುದು, ರುಚಿಯೂ ಹೆಚ್ಚುವುದು. ತಂಪಾದ ಹಿಟ್ಟಾದುದರಿಂದ ಎರಡನೆಯ ಸಾರಿ ಉಬ್ಬುವುದಕ್ಕೆ ಮಾತ್ರ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಇದು ತಾಯಿಯೊಬ್ಬಳ ಕೆಲಸವೆಂದು ಯಾರೂ ತಿಳಿಯಬಾರದು. ತಂದೆಯವರ ಕೈಗಳಲ್ಲಿ ನಾದುವ ಬಲವು ಚೆನ್ನಾಗಿರುವುದು. ಅಜ್ಜಅಜ್ಜಿಯರಲ್ಲಿ ಕಾಯುವ ತಾಳ್ಮೆಯು ಬೇಕಾದಷ್ಟಿರುವುದು. ನೆಲದ ಮೇಲೆ ಹಿಟ್ಟು ಚೆಲ್ಲುವುದು ನಿಶ್ಚಯ. ಗುಡಿಸುವುದೂ ಕೆಲಸದ ಒಂದು ಭಾಗವೆಂದು ಮಗುವಿನ ಕೈಗೆ ಸಣ್ಣದೊಂದು ಪೊರಕೆಯನ್ನು ಕೊಟ್ಟರಾಯಿತು.

ಬನ್ನುಗಳು ಬೆಂದ ಮೇಲೆ ಹತ್ತು ನಿಮಿಷ ಆರಬಿಡಿರಿ. ಬೆಲ್ಲದ ಹೂರಣವು ನಾಲಿಗೆಯನ್ನು ಸುಡುವುದು. ಆಮೇಲೆ ತನ್ನದು ಯಾವುದೆಂದು ಮಗುವೇ ಆರಿಸಿಕೊಳ್ಳಲಿ. ಅದನ್ನು ತಾನೇ ತಿನ್ನುವುದೋ ಅಜ್ಜಿಗೆ ಕೊಡುವುದೋ ಅದರ ಇಷ್ಟ. ಕೊಟ್ಟರೆ, ಆ ವಕ್ರವಾದ ಆನೆಯನ್ನು ಎಲ್ಲರ ಎದುರಿಗೆ ಪೂರ್ತಿಯಾಗಿ ತಿನ್ನುವುದು ಅಜ್ಜಿಯ ಧರ್ಮ.